ಟಪಾಲನ್ನು ಮೊದಲು ನೋಡುವವನು

ಶಂಕರನಾರಾಯಣ ಸಣ್ಣ ಮನುಷ್ಯ. ಆಳೇನೋ ಉದ್ದವಾಗಿದ್ದಾನೆ, ನಮ್ಮ ಕಚೇರಿಯ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು; ಮನಸ್ಸು ಮಾತ್ರ ಸಣ್ಣದು. ತನ್ನ ಕೈಗೆ ಬಂದದ್ದು ಇನ್ನೊಬ್ಬರ ಕೈಗೆ ದಾಟುವ ಮೊದಲು ಸ್ವಲ್ಪ ಹೊತ್ತು ತನ್ನಲ್ಲೇ ಇರಬೇಕು, ಅಷ್ಟು ಹೊತ್ತು ಆ ಇನ್ನೊಬ್ಬರು ಕಾಯಬೇಕು. ಅವನು ಜೀವನದಲ್ಲಿ ಬಯಸಿದ ಸುಖ ಇಷ್ಟೇ. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ, ಹಲವು ವರ್ಷ ಹತ್ತಿರದಿಂದ ನೋಡಿ ಹೇಳುತ್ತಿದ್ದೇನೆ.

ನಮ್ಮದು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಒಂದು ಚಿಕ್ಕ ಸಂಸ್ಥೆ. ನಂಜನಗೂಡಿನಲ್ಲಿ ಒಂದು ಕೇಂದ್ರ, ಟಿ. ನರಸೀಪುರದಲ್ಲಿ ಇನ್ನೊಂದು. ನಾನು ಕಾಲೇಜಿನಿಂದ ನಿವೃತ್ತಳಾದ ಮೇಲೆ ನನ್ನನ್ನು ಅಧ್ಯಕ್ಷೆ ಮಾಡಿದರು. ಸಂಬಳವಿಲ್ಲದ ಕೆಲಸಕ್ಕೆ ಡಾಕ್ಟರೇಟ್ ಪಡೆದವರೇ ಆಗಬೇಕೆಂಬುದು ನಮ್ಮೂರಿನ ನಂಬಿಕೆ. ನಂಜನಗೂಡಿನ ಕಚೇರಿ ಶಂಕರನಾರಾಯಣನ ಸುಪರ್ದಿನಲ್ಲಿದೆ. ನರಸೀಪುರದ ಕೇಂದ್ರ ನೋಡಿಕೊಳ್ಳುವವಳು ಸಂಘಮಿತ್ರಾ, ಸೋಮನಾಥಪುರದ ಕಡೆಯ ಹುಡುಗಿ, ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವಳು. ಎರಡು ಕೇಂದ್ರಗಳಿಗೂ ಸೇರಿ ಇಮೇಲ್ ವಿಳಾಸ ಒಂದೇ. ಕಥೆಯೆಲ್ಲ ಹುಟ್ಟುವುದು ಈ ಒಂದರಿಂದ.

ಶಂಕರನಾರಾಯಣನ ವಿದ್ಯೆಯೆಲ್ಲ ಟಪಾಲಿನದು. ಬಿ.ಕಾಂ. ಮುಗಿಸಿದ ಮೇಲೆ ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಟಪಾಲು ಗುಮಾಸ್ತನಾಗಿ ಸೇರಿದ. ಬಂದ ಕಾಗದ ಒಡೆಯುವುದು, ಮೂಲೆಯಲ್ಲಿ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಒತ್ತುವುದು, ದೊಡ್ಡವರ ಮೇಜಿಗೆ ಕಳಿಸುವುದು. ಯಾರಿಗೆ ಬಡ್ತಿ, ಯಾರಿಗೆ ನೋಟೀಸು ಎಂಬುದು ಮ್ಯಾನೇಜರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು.

“ಟಪಾಲು ಮೊದಲು ನೋಡೋನೇ ಆಫೀಸರು ಮೇಡಂ. ಮಿಕ್ಕೋರೆಲ್ಲ ಬರೀ ಸಂಬಳದೋರು” ಎಂದು ನನಗೇ ಒಮ್ಮೆ ಹೇಳಿದ್ದಾನೆ.

ಕಾರ್ಖಾನೆ ಮುಚ್ಚುತ್ತದೆ ಎಂಬ ಕಾಗದಕ್ಕೂ ಮೊಹರು ಒತ್ತಿದವನು ಅವನೇ. ಆ ದಿನ ಮಧ್ಯಾಹ್ನದವರೆಗೆ ಅದನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದನಂತೆ. ಯಾಕೆ ಎಂದು ಕೇಳಿದೆ. “ಜನ ಊಟ ಮಾಡ್ಕೊಳ್ಳಲಿ ಅಂತ” ಎಂದ. ನಾನು ನಂಬಲಿಲ್ಲ. ಊರಿಗೆಲ್ಲ ಗೊತ್ತಿಲ್ಲದ ಸುದ್ದಿಯನ್ನು ಒಬ್ಬನೇ ಕೂತು ಸವಿಯಲು ಅಷ್ಟು ಹೊತ್ತು ಬೇಕಾಗಿತ್ತು, ಅಷ್ಟೆ. ಅವನ ಹೆಂಡತಿ ರಂಜನಿ ನನಗೆ ಪರಿಚಯ. “ಮನೆಗೆ ಬಂದ ಮದುವೆ ಕಾಗದಾನೂ ಅವರೇ ಒಡೀಬೇಕು ಮೇಡಂ. ಅವರು ಆಫೀಸಿಂದ ಬರೋವರೆಗೂ ಯಾರ ಮದುವೆ ಅಂತ ನಮಗೆ ಗೊತ್ತಿರಲ್ಲ. ಹೋದ ಸಲ ನನ್ನ ತಂಗಿ ಮಗಳದೇ ಇತ್ತು” ಎಂದು ಆಕೆ ಹೇಳುವಾಗ ಮುಖದಲ್ಲಿ ದೂರೂ ಇರುವುದಿಲ್ಲ, ಅಭ್ಯಾಸವಾಗಿದೆ.

ಇಂಥವನ ಕೈಗೆ ನಾವು ಇಮೇಲ್ ಕೊಟ್ಟೆವು.

ಮೈಸೂರಿನಿಂದ ಕಿರಣ್ ಎಂಬ ಕಂಪ್ಯೂಟರ್ ರಿಪೇರಿಯವನು ಬಂದು ಸಂಸ್ಥೆಯ ಹೆಸರಿನಲ್ಲೇ ವಿಳಾಸ ಮಾಡಿಕೊಟ್ಟ. ನಮಗೆ ಬಂದ ಇಮೇಲ್ ಮೊದಲು ಎಲ್ಲೋ ಇರುವ ಒಂದು ಬಾಡಿಗೆ ಸರ್ವರಿನಲ್ಲಿ ಇಳಿಯುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಮು ಆಗಾಗ ಅಲ್ಲಿಗೆ ಹೋಗಿ, ಬಂದದ್ದನ್ನೆಲ್ಲ ಎತ್ತಿಕೊಂಡು ಬರುತ್ತದೆ. ಎತ್ತಿಕೊಳ್ಳುವಾಗ ಸರ್ವರಿನಲ್ಲಿ ಒಂದು ಪ್ರತಿ ಬಿಟ್ಟು ಬರಬೇಕೋ ಬೇಡವೋ ಎಂಬುದಕ್ಕೆ ಸೆಟ್ಟಿಂಗಿನಲ್ಲಿ ಒಂದು ಪುಟ್ಟ ಚೌಕವಿದೆ. ಅದರಲ್ಲಿ ಟಿಕ್ ಹಾಕಿದರೆ ಪ್ರತಿ ಅಲ್ಲೇ ಉಳಿದು, ಇನ್ನೊಂದು ಊರಿನ ಕಂಪ್ಯೂಟರಿಗೂ ಸಿಗುತ್ತದೆ. ಹಾಕದಿದ್ದರೆ ಮೊದಲು ಹೋದವರಿಗೆ ಎಲ್ಲವೂ, ಆಮೇಲೆ ಹೋದವರಿಗೆ ಖಾಲಿ ಪೆಟ್ಟಿಗೆ. ನಂಜನಗೂಡಿನ ಕಂಪ್ಯೂಟರಿನಲ್ಲಿ ಆ ಚೌಕ ಖಾಲಿಯಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಒಮ್ಮೆ ಮಾತ್ರ ಅವನು ಶನಿವಾರ ಕಂಪ್ಯೂಟರ್ ಆರಿಸಿ ಮನೆಗೆ ಹೋದ. ಸೋಮವಾರ ನರಸೀಪುರದಲ್ಲಿ ಸಂಘಮಿತ್ರಾ ಬೇಗ ಬಾಗಿಲು ತೆಗೆದು, ವಾರಾಂತ್ಯದ ಇಮೇಲ್ ಎಲ್ಲ ಅವಳ ಕಂಪ್ಯೂಟರಿಗೆ ಹೋಯಿತು. ಅವನಿಗೆ ಜ್ವರ ಬಂದಂತಾಯಿತು. ಅಂದಿನಿಂದ ಆರಿಸುವುದನ್ನೇ ಬಿಟ್ಟ, ಪ್ರೋಗ್ರಾಮು ನಿಮಿಷಕ್ಕೊಮ್ಮೆ ಸರ್ವರಿಗೆ ಹೋಗಿ ಬರುವಂತೆ ಮಾಡಿಸಿದ. ಕರೆಂಟು ಹೋದರೂ ನಿಲ್ಲಬಾರದೆಂದು ಯುಪಿಎಸ್ ತರಿಸಿದ. ಹಬ್ಬ ಹರಿದಿನವೆನ್ನದೆ ಆ ಕಂಪ್ಯೂಟರ್ ನಂದಾದೀಪದ ಹಾಗೆ ಉರಿಯುತ್ತಲೇ ಇತ್ತು. ಕಪಿಲೆ ನಂಜನಗೂಡನ್ನು ದಾಟಿ ನರಸೀಪುರಕ್ಕೆ ತಾನಾಗಿಯೇ ಹರಿದುಹೋಗುತ್ತಾಳೆ. ಅವಳನ್ನು ತಡೆದು ಮೊಹರು ಒತ್ತುವ ಅಧಿಕಾರ ಶಂಕರನಾರಾಯಣನಿಗೆ ಇಲ್ಲದಿದ್ದದ್ದು ಎರಡು ತಾಲ್ಲೂಕುಗಳ ಪುಣ್ಯ.

ಇಮೇಲ್‌ಗೆ ಆ ಪುಣ್ಯವಿರಲಿಲ್ಲ. ಬಂದದ್ದನ್ನೆಲ್ಲ ಅವನು ಪ್ರಿಂಟ್ ತೆಗೆದು ಮೊಹರು ಒತ್ತುತ್ತಿದ್ದ. ನರಸೀಪುರಕ್ಕೆ ಸೇರಿದ್ದೆಂದು ಅವನಿಗೆ ತೋರಿದ್ದನ್ನು ಕಂದು ಕವರಿಗೆ ಹಾಕಿ, ಸುತ್ತೂರಿನ ಮೇಲೆ ಹೋಗುವ ಬಸ್ಸಿನ ಕಂಡಕ್ಟರ್ ಶಿವರಾಜುವಿನ ಕೈಗೆ ಕೊಡುತ್ತಿದ್ದ. ಮೊದಲ ಸಲ ಕೊಟ್ಟಾಗ ನಾನೂ ಬಸ್ ನಿಲ್ದಾಣದಲ್ಲಿದ್ದೆ.

“ಏನ್ ಸಾ, ಕಂಪ್ಯೂಟ್ರು ಕೆಟ್ಟೋಗದಾ?” ಎಂದ ಶಿವರಾಜು.

“ಇಲ್ಲ ಕಣಯ್ಯ. ಇದು ಇಮೇಲು.”

“ಇಮೇಲಾ? ಅದು ಗಾಳೀಲೇ ಓಯ್ತದೆ ಅಂತಿದ್ರಲ್ಲ ಸಾ?”

“ಗಾಳೀಲಿ ಬರೋದು ನಂಜನಗೂಡಿನವರೆಗೆ. ಇಲ್ಲಿಂದಾಚೆ ನಿನ್ನ ಜವಾಬ್ದಾರಿ.”

“ಅಂಗಾರೆ ಡ್ರೈವರ್ ತಾವು ಮಡಗ್ತೀನಿ ಬುಡಿ. ಇಂದ್ಗಡೆ ಕೋಳಿ ಅವೆ.”

ದೆಹಲಿಯಿಂದ ಕ್ಷಣಮಾತ್ರದಲ್ಲಿ ನಂಜನಗೂಡಿಗೆ ಬಂದ ಕಾಗದ ಹೀಗೆ ಹಳ್ಳಿ ಹಳ್ಳಿಯಲ್ಲಿ ಜನರನ್ನು ಹತ್ತಿಸಿ ಇಳಿಸಿಕೊಂಡು ಮಧ್ಯಾಹ್ನಕ್ಕೆ ನರಸೀಪುರ ಸೇರುತ್ತಿತ್ತು. ಒಂದೆರಡು ಸಲ ಶಿವರಾಜು ಇಳಿಸಲು ಮರೆತು ಕವರು ವಾಪಸ್ಸು ಬಂತು. ಶಂಕರನಾರಾಯಣ ಅದಕ್ಕೆ ಇನ್ನೊಂದು ಮೊಹರು ಒತ್ತಿದ. ಸಂಘಮಿತ್ರಾಳ ಸ್ವಂತ ಇಮೇಲ್‌ಗೋ ವಾಟ್ಸಾಪಿಗೋ ಕಳಿಸಬಾರದೇಕೆ ಎಂದು ಕೇಳಿದ್ದಕ್ಕೆ, ‘ಕಚೇರಿಯ ಪತ್ರವ್ಯವಹಾರವನ್ನು ಯಾರ ಸ್ವಂತ ವಿಳಾಸಕ್ಕೂ ಫೋನಿಗೂ ಕಳಿಸತಕ್ಕದ್ದಲ್ಲ’ ಎಂಬ ನಿಯಮವನ್ನು ತಾನೇ ರಚಿಸಿ, ಟೈಪು ಮಾಡಿ, ತಾನೇ ಮೊಹರು ಒತ್ತಿ ಗೋಡೆಗೆ ಅಂಟಿಸಿದ.

ಇದು ಇಷ್ಟಕ್ಕೇ ಮುಗಿದಿದ್ದರೆ ನಗುತ್ತ ಇದ್ದುಬಿಡಬಹುದಿತ್ತು. ಆದರೆ ಈ ವರ್ಷದ ಆರಂಭದಲ್ಲಿ ನಮಗೆ ನೆರವು ಕೊಡುವ ಬೆಂಗಳೂರಿನ ಪ್ರತಿಷ್ಠಾನದವರು, ಇನ್ನು ಮುಂದೆ ಎರಡರಲ್ಲಿ ಒಂದು ಕೇಂದ್ರಕ್ಕೆ ಮಾತ್ರ ನೆರವು ಎಂದು ತಿಳಿಸಿದರು. ಕೆಲವು ಪ್ರಶ್ನೆಗಳನ್ನು ಇಮೇಲ್‌ನಲ್ಲಿ ಕಳಿಸುತ್ತಾರೆ. ಎರಡು ಕೇಂದ್ರಗಳೂ ಪ್ರತ್ಯೇಕವಾಗಿ ಉತ್ತರಿಸಬೇಕು. ಉತ್ತರ ನೋಡಿ ಒಂದನ್ನು ಉಳಿಸಿ ಇನ್ನೊಂದನ್ನು ಕೈಬಿಡುತ್ತಾರೆ. ಹೊತ್ತಿಗೆ ಸರಿಯಾಗಿ ಉತ್ತರ ಬಾರದ ಕೇಂದ್ರಕ್ಕೆ ಆಸಕ್ತಿಯಿಲ್ಲವೆಂದು ತಿಳಿದು ಮುಚ್ಚುತ್ತಾರೆ.

ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ, ಕೆಲಸ ನಡೆಯುತ್ತಿದ್ದದ್ದು ನರಸೀಪುರದಲ್ಲಿ. ಸುತ್ತಲ ಹಳ್ಳಿಗಳ ಹುಡುಗಿಯರು ಒಳಗೆ ಜಾಗ ಸಾಲದೆ ಜಗಲಿಯಲ್ಲಿ ಕೂತು ಕಾಜಾ ಹಾಕುತ್ತಿದ್ದರು. ನಂಜನಗೂಡಿನ ಹುಡುಗಿಯರು ಬೆಳಗಾದರೆ ರೈಲು ಹತ್ತಿ ಮೈಸೂರಿಗೆ ಹೋಗುತ್ತಾರೆ, ಇಲ್ಲವೇ ಕಾರ್ಖಾನೆಗೆ. ನಮ್ಮ ಇಲ್ಲಿನ ಹೊಲಿಗೆ ಯಂತ್ರಗಳ ಮೇಲೆ ಶಂಕರನಾರಾಯಣನ ಕೊಡೆ ಒಣಗುತ್ತಿತ್ತು. ಇಬ್ಬರೂ ಸತ್ಯ ಬರೆದರೆ ಮುಚ್ಚುವುದು ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಈ ವಯಸ್ಸಿನ ಟಪಾಲು ಗುಮಾಸ್ತನಿಗೆ ಇನ್ನೆಲ್ಲಿಯೂ ಕೆಲಸ ಹುಟ್ಟುವುದಿಲ್ಲ ಎಂಬುದೂ ಗೊತ್ತಿತ್ತು. ಆ ಪ್ರಶ್ನೆಗಳು ಬರುವುದು ನಮ್ಮ ಒಂದೇ ವಿಳಾಸಕ್ಕೆ. ಅಂದರೆ ಅವನ ಕೈಗೆ.

ಸಂಘಮಿತ್ರಾ ಸಮಿತಿಯ ಸಭೆಯಲ್ಲಿ ಎದ್ದು ನಿಂತಳು.

“ನಮ್ಮಮ್ಮನ ಗದ್ದೆ ನಾಲೆ ಕೊನೇಲಿದೆ ಮೇಡಂ. ಮೇಲ್ಗಡೆಯೋರು ತೂಬು ತಗುದ್ರೆ ನಮ್ಗೆ ಕೆಸರೂ ಬರಲ್ಲ. ಆಫೀಸಲ್ಲೂ ಅದೇ ಕತೆ ಆಗದೆ. ನೀರಾದ್ರೆ ಒಬ್ರು ತಕ್ಕೊಂಡ್ರೆ ಇನ್ನೊಬ್ರಿಗಿಲ್ಲ, ಒಪ್ಕೋಬೋದು. ಇದು ಕಾಪಿ. ಎಷ್ಟು ಜನ ತಕ್ಕೊಂಡ್ರೂ ಮುಗಿಯಲ್ಲ. ಮುಗೀದೇ ಇರೋದನ್ನೂ ಕಟ್ಟಾಕ್ಕೊಂಡು ಕೂತಿರೋ ತೂಬಿನ ಯಜಮಾನ್ರನ್ನ ನಾನು ಇಲ್ಲೇ ನೋಡಿದ್ದು.”

ಸಮಿತಿಯವರು ನಕ್ಕರು. ಶಂಕರನಾರಾಯಣನ ಕಿವಿ ಕೆಂಪಾಯಿತು. ಅವನು ನನ್ನನ್ನೇ ನೋಡುತ್ತ, “ಎರಡೂ ಕಡೆ ಕಾಪಿ ಇದ್ರೆ ಉತ್ತರ ಬರೆಯೋರು ಯಾರು ಮೇಡಂ? ಅವರು ಬರೀತಾರೆ ಅಂತ ನಾವು, ನಾವು ಬರೀತೀವಿ ಅಂತ ಅವರು. ಅಥವಾ ಇಬ್ಬರೂ ಬರೆದ್ರೆ?” ಎಂದ. ಪ್ರಶ್ನೆ ಸರಿಯಾಗಿಯೇ ಇತ್ತು. ಸಣ್ಣ ಮನುಷ್ಯರು ಸರಿಯಾದ ಪ್ರಶ್ನೆ ಕೇಳುವುದರಷ್ಟು ಕಿರಿಕಿರಿಯ ಸಂಗತಿ ಬೇರೆಯಿಲ್ಲ. ಆದರೂ ಪ್ರತಿ ಬಿಡಬೇಕೆಂದು ತೀರ್ಮಾನವಾಯಿತು. ಅಂದಿನಿಂದ ಅವನು ಸಂಘಮಿತ್ರಾಳ ಜೊತೆ ಮಾತು ಬಿಟ್ಟ. ಫೋನಿನಲ್ಲಿ ಅವಳ ದನಿ ಕೇಳಿದರೆ ಇಟ್ಟುಬಿಡುತ್ತಿದ್ದ.

ಕಿರಣ್ ಬಂದ. ಎರಡೂ ಕಡೆ ಚೌಕದಲ್ಲಿ ಟಿಕ್ ಹಾಕಿದ.

“ಇನ್ಮೇಲೆ ಕಾಪಿ ಸರ್ವರಲ್ಲೇ ಇರುತ್ತೆ ಸಾರ್. ನೀವು ಈ ಕಂಪ್ಯೂಟರ್ ಒಂದೊಂದ್ಸಲ ಆಫ್ ಮಾಡಿದ್ರೂ ಸಾಕಿತ್ತು, ಮೇಲು ಅಲ್ಲೇ ಇದ್ದು ಅವರಿಗೆ ಸಿಗ್ತಿತ್ತು.”

“ನಮ್ಮದು ಆಫ್ ಆಗಲ್ಲ” ಎಂದ ಶಂಕರನಾರಾಯಣ. ಮನೆತನದ ವಿಷಯ ಹೇಳುವವರ ಗಾಂಭೀರ್ಯದಲ್ಲಿ ಹೇಳಿದ.

“ಹದಿನೈದು ದಿನ ಆದ್ಮೇ‌ಲೆ ಕಾಪಿ ತಾನಾಗೇ ಅಳಿಸೋ ಹಾಗೆ ಇಡ್ಲಾ? ಇಲ್ದಿದ್ರೆ ಜಾಗ ತುಂಬಿಹೋಗುತ್ತೆ.”

“ಬೇಡ. ಕಾಪಿ ಇರಬೇಕು ಅಂತ ಸಮಿತಿ ತೀರ್ಮಾನ. ಇಷ್ಟೇ ದಿನ ಅಂತ ತೀರ್ಮಾನದಲ್ಲಿ ಬರೆದಿಲ್ಲ.”

ಕಿರಣ್ ನನ್ನ ಮುಖ ನೋಡಿದ. ನಾನು ಕಿರಣನ ಮುಖ ನೋಡಿದೆ. ತುಂಬಲು ವರ್ಷವಾದರೂ ಬೇಕಾದೀತು ಎಂದು ಇಬ್ಬರೂ ಭಾವಿಸಿದೆವು. ಶಂಕರನಾರಾಯಣನ ಶ್ರದ್ಧೆ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಮೊದಲ ವಾರವೇ ಒಬ್ಬರು ಬಟ್ಟೆ ಅಂಗಡಿಯವರು ಶಾಲಾ ಸಮವಸ್ತ್ರ ಹೊಲಿದುಕೊಡುತ್ತೀರಾ ಎಂದು ಇಮೇಲ್ ಮಾಡಿದರು. ನರಸೀಪುರದಿಂದ ಆಗುತ್ತದೆ ಎಂದು ಉತ್ತರ ಹೋಯಿತು. ನಂಜನಗೂಡಿನಿಂದ ಆಗುವುದಿಲ್ಲ ಎಂದು ಹೋಯಿತು. ಎರಡೂ ಒಂದೇ ವಿಳಾಸದಿಂದ, ಒಂದರ ಹಿಂದೆ ಒಂದು. ಅಂಗಡಿಯವರು ನನಗೆ ಫೋನ್ ಮಾಡಿ, “ಮೇಡಂ, ನಿಮ್ಮಲ್ಲಿ ಯಾರಿಗಾದ್ರೂ ಹುಷಾರಿಲ್ವಾ?” ಎಂದು ವಿನಯದಿಂದ ವಿಚಾರಿಸಿದರು. ಇತ್ತ ಶಂಕರನಾರಾಯಣ ದೇಶದಲ್ಲಿರುವ ಹೊಲಿಗೆ ಯಂತ್ರದ ಕಂಪನಿಗಳಿಗೆಲ್ಲ ಬರೆದು, ಬಣ್ಣದ ಚಿತ್ರಗಳಿರುವ ದೊಡ್ಡ ದೊಡ್ಡ ಕ್ಯಾಟಲಾಗುಗಳನ್ನು ತರಿಸತೊಡಗಿದ. ಪ್ರತಿಗಳು ಉಳಿಯಬೇಕಲ್ಲ, ಉಳಿದವು. ಎರಡು ತಿಂಗಳಾಗುವಷ್ಟರಲ್ಲಿ ಸರ್ವರಿನ ಪೆಟ್ಟಿಗೆ ತುಂಬಿ, ನಮಗೆ ಬರೆದವರಿಗೆಲ್ಲ ಅವರ ಇಮೇಲ್ ವಾಪಸ್ಸು ಹೋಗತೊಡಗಿತು. ‘ನಾನು ಹೇಳಲಿಲ್ಲವೇ’ ಎಂದು ಅವನು ಹೇಳಲಿಲ್ಲ. ಯಾರೋ ಫೋನಿಗೆ ಕಳಿಸಿಕೊಟ್ಟ ಆ ವಾಪಸಾತಿಯ ಸಂದೇಶವನ್ನು ಪ್ರಿಂಟ್ ತೆಗೆದು, ಮೊಹರು ಒತ್ತಿ, ನನ್ನ ಮುಂದಿಟ್ಟು ನಿಂತ.

ಕಿರಣನಿಗೆ ಅದೇ ವಾರ ಮದುವೆ. ಮೈಸೂರಿನಲ್ಲಿ ಕೂತೇ, ನಮ್ಮ ಪರದೆಯ ಮೇಲಿನ ಬಾಣ ತಾನಾಗಿ ಓಡಾಡುವಂತೆ ಮಾಡಿ, ನಂಜನಗೂಡಿನ ಟಿಕ್ ತೆಗೆದು ಪೆಟ್ಟಿಗೆ ಖಾಲಿ ಮಾಡಿದ. ಮದುವೆ ಮುಗಿಸಿ ಬಂದು ಬೇರೆ ಏರ್ಪಾಡು ಮಾಡುತ್ತೇನೆಂದ. ಅಲ್ಲಿಯವರೆಗೆ ಹಳೆಯ ಪದ್ಧತಿ. ಪ್ರತಿಷ್ಠಾನದ ಪ್ರಶ್ನೆಗಳು ಯಾವ ದಿನ ಬೇಕಾದರೂ ಬರಬಹುದಾಗಿತ್ತು. ತುಂಬಿದ ಪೆಟ್ಟಿಗೆಯಿಂದ ಅವು ವಾಪಸ್ಸು ಹೋಗುವುದಕ್ಕಿಂತ ಇದು ವಾಸಿ ಎಂದು ನಾನೇ ಒಪ್ಪಿದೆ. ಸಂಘಮಿತ್ರಾ ಒಪ್ಪಲಿಲ್ಲ.

“ಅದು ಬಂದ್ರೆ ಅವರು ನಮ್ಗೆ ಕೊಡ್ತಾರೆ ಅಂತ ನೀವು ನಂಬ್ತೀರಾ ಮೇಡಂ?” ಎಂದು ಫೋನಿನಲ್ಲಿ ಕೇಳಿದಳು.

“ನಂಬುವುದಿಲ್ಲ” ಎಂದೆ. “ಕಳಿಸಿದಾಗ ನನಗೂ ಫೋನ್ ಮಾಡಿ ಎಂದು ಪ್ರತಿಷ್ಠಾನದವರಿಗೆ ಹೇಳಿಟ್ಟಿದ್ದೇನೆ.”

ಹಾಗೆಯೇ ಒಂದು ಬೆಳಿಗ್ಗೆ ಪ್ರತಿಷ್ಠಾನದ ಅಧಿಕಾರಿ ಫೋನ್ ಮಾಡಿದರು. ಪ್ರಶ್ನೆಗಳನ್ನು ಹಿಂದಿನ ಸಂಜೆಯೇ ಕಳಿಸಿದ್ದಾರೆ, ಉತ್ತರ ಇವತ್ತು ಸಂಜೆಯೊಳಗೆ ತಲುಪಬೇಕು. ನರಸೀಪುರಕ್ಕೆ ಬೇರೆ ವಿಳಾಸಕ್ಕೆ ಇನ್ನೊಂದು ಪ್ರತಿ ಕಳಿಸಿ ಎಂದೆ. ನೋಂದಾಯಿಸಿದ ವಿಳಾಸಕ್ಕಲ್ಲದೆ ಬೇರೆಡೆಗೆ ಕಳಿಸುವ ಪದ್ಧತಿ ತಮ್ಮಲ್ಲಿಲ್ಲವೆಂದರು. ಶಂಕರನಾರಾಯಣರು ಬೆಂಗಳೂರಿನಲ್ಲೂ ಇದ್ದಾರೆ. ಸಂಘಮಿತ್ರಾಳನ್ನು ಕೇಳಿದೆ.

“ಬಾಗಿಲು ತಗುದಾಗಿಂದ ನೋಡ್ತಾನೇ ಇವ್ನಿ ಮೇಡಂ. ಖಾಲಿ.”

ಹಾಗಾದರೆ ಅದು ಎಲ್ಲಿದೆ ಎಂದು ಯೋಚಿಸುವ ಅಗತ್ಯವಿರಲಿಲ್ಲ. ಆಟೋ ಹಿಡಿದು ಕಚೇರಿಗೆ ಹೊರಟೆ. ಶಂಕರನಾರಾಯಣನಿಗೆ ಹೇಳಬೇಕಾದದ್ದನ್ನೆಲ್ಲ ದಾರಿಯಲ್ಲಿ ಕ್ರಮವಾಗಿ ಜೋಡಿಸಿಕೊಂಡೆ. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಆ ಕೆಲಸ ಕಷ್ಟವಲ್ಲ.

ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಎರಡು ಕೈಗಳೂ ಮೇಜಿನ ಮೇಲಿದ್ದವು. ಎದುರಿಗೆ ಕಂಪ್ಯೂಟರಿನ ಪರದೆ ಕಪ್ಪಗಿತ್ತು. ಆ ಪರದೆ ಕಪ್ಪಗಿರುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ಪ್ರತಿಷ್ಠಾನದ ಇಮೇಲ್ ಬಂತೇ?” ಎಂದೆ.

“ಕರೆಂಟ್ ಇಲ್ಲ ಮೇಡಂ” ಎಂದ.

ಅವನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಮೂಲೆಯಲ್ಲಿ ಯುಪಿಎಸ್‌ನ ಹಸಿರು ದೀಪ ಉರಿಯುತ್ತಿತ್ತು. ಅದಕ್ಕೆ ಸಿಕ್ಕಿಸಿರಬೇಕಾದ ಕಂಪ್ಯೂಟರಿನ ವೈರು ಕಿತ್ತು ನೆಲದ ಮೇಲೆ ಬಿದ್ದಿತ್ತು. ಮೇಜಿನ ಮೇಲೆ ಪ್ರತಿಷ್ಠಾನದ ಪ್ರಶ್ನೆಗಳ ಪ್ರಿಂಟು, ಗಾಳಿಗೆ ಹಾರದಂತೆ ಅದರ ಮೇಲೆ ಮೊಹರು. ಪಕ್ಕದಲ್ಲಿ ‘ನರಸೀಪುರ ಶಾಖೆ’ ಎಂದು ಬರೆದ ಕಂದು ಕವರು, ತುಂಬಿಸಿ ಅಂಟಿಸಿದ್ದು, ಇನ್ನೂ ಅಲ್ಲೇ ಇತ್ತು.

“ಇದನ್ನು ಯಾಕೆ ಕಳಿಸಿಲ್ಲ?”

“ಶಿವರಾಜು ಬಸ್ಸು ಇವತ್ತು ಮದುವೆಗೆ ಬುಕ್ಕಾಗಿದೆಯಂತೆ. ಬಸ್ ಸ್ಟ್ಯಾಂಡಿಗೆ ಹೋಗಿ ವಾಪಸ್ಸು ಬಂದೆ.”

ಜೋಡಿಸಿಕೊಂಡು ಬಂದಿದ್ದ ಮಾತನ್ನು ಶುರುಮಾಡಲು ಕನ್ನಡಕ ತೆಗೆದೆ. ಅಷ್ಟರಲ್ಲಿ ನನಗೆ ಫೋನು ಬಂತು. ಸಂಘಮಿತ್ರಾ.

“ಬಂತು ಮೇಡಂ, ಈಗ ಬಂತು. ಆದ್ರೆ ಒಂಥರಾ ಅದೆ. ಪ್ರತಿಷ್ಠಾನದಿಂದ ಬಂದಿಲ್ಲ. ನಮ್ಮ ಆಫೀಸ್ ವಿಳಾಸದಿಂದ ನಮ್ಮ ಆಫೀಸ್ ವಿಳಾಸಕ್ಕೇ ಬಂದದೆ. ಒಳಗೆ ಯಾರೂ ಒಂದಕ್ಷರ ಬರ್ದಿಲ್ಲ. ಮೇಲ್ಗಡೆ ಫಾರ್ವರ್ಡ್, ಫಾರ್ವರ್ಡ್, ಫಾರ್ವರ್ಡ್ ಅಂತ ಉದ್ದಕ್ಕೆ ಸಾಲು. ಇದೊಂದನ್ನೇ ಇಷ್ಟು ಸಲ ಯಾರು ಕಳಿಸ್ಕೊಂಡ್ರು?”

ನಾನು ನೆಲದ ಮೇಲಿನ ವೈರು ನೋಡಿದೆ. ಸರ್ವರಿನಿಂದ ಎತ್ತಿಕೊಂಡದ್ದನ್ನು ತಿರುಗಿ ಅಲ್ಲಿಡಲು ಅವನಿಗೆ ದಾರಿ ಗೊತ್ತಿರಲಿಲ್ಲ. ಅದಕ್ಕೆ ಆ ಇಮೇಲನ್ನು ನಮ್ಮದೇ ವಿಳಾಸಕ್ಕೆ ಕಳಿಸಿದ್ದಾನೆ. ಅದು ಸರ್ವರಿಗೆ ಹೋಗಿ ಇಳಿದ ಕೂಡಲೇ ಅವನದೇ ಕಂಪ್ಯೂಟರ್ ಹೋಗಿ ಎತ್ತಿಕೊಂಡು ಬಂದಿದೆ. ಮತ್ತೆ ಕಳಿಸಿದ್ದಾನೆ, ಮತ್ತೆ ಬಂದಿದೆ. ಹೀಗೆ ಬೆಳಗಿನಿಂದ. ಕೊನೆಗೆ ಕಳಿಸಿದ ಕೂಡಲೇ, ಕಂಪ್ಯೂಟರ್ ಮತ್ತೆ ಎತ್ತಿಕೊಳ್ಳುವ ಮೊದಲೇ, ವೈರು ಕಿತ್ತಿದ್ದಾನೆ. ಒಂದು ಫೋನ್ ಮಾಡಿದ್ದರೆ, ಅವಳ ಸ್ವಂತ ವಿಳಾಸಕ್ಕೆ ಕಳಿಸಿದ್ದರೆ, ಕಾಫಿ ಆರುವುದರೊಳಗೆ ಮುಗಿಯುತ್ತಿದ್ದ ಕೆಲಸ. ಆದರೆ ಗೋಡೆಯ ಮೇಲೆ ನಿಯಮವಿತ್ತು, ಅವಳ ಜೊತೆ ಮಾತು ಬಿಟ್ಟಾಗಿತ್ತು. ಎರಡನ್ನೂ ಮುರಿಯದೆ ಮಾಡಬಹುದಾದ ಅತ್ಯಂತ ದಡ್ಡತನದ ಉಪಾಯ ಅವನಿಗೆ ಹೊಳೆದಿತ್ತು.

“ಯಾರಾದರೇನು? ಕೂತು ಉತ್ತರ ಬರಿ” ಎಂದು ಫೋನ್ ಇಟ್ಟೆ.

ಶಂಕರನಾರಾಯಣ ಕಪ್ಪು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಆ ಹುಡುಗಿನಾ ಮೇಡಂ?”

“ಹೌದು.”

“ಏನಾದ್ರೂ ಬಂತಂತಾ?”

“ಬಂತಂತೆ.”

ಕನ್ನಡಕ ಹಾಕಿಕೊಂಡೆ.

“ಹಾಗಾದ್ರೆ ಕರೆಂಟ್ ಬಂದಿರಬೇಕು” ಎಂದು, ಆ ಉದ್ದನೆಯ ಮೈಯನ್ನು ಮಡಚಿಕೊಂಡು ಮೇಜಿನ ಕೆಳಗೆ ಬಗ್ಗಿ, ವೈರಿಗಾಗಿ ನೆಲ ತಡವತೊಡಗಿದ.